ಹಸಿರು ಜೋಡಿಗೆ ನೀಲಿ ಮರಿ, ಹಳದಿ ಮರಿ. ಹೇಗೆ?

ವಿಜಯಪುರದ ಹೊಸಬ:
ನಮ್ಮ ಬಜ್ರಿಗರ್ ಜೋಡಿ (ಅಂಗಡಿಯವರು ಲವ್ ಬರ್ಡ್ಸ್ ಅಂತಲೇ ಮಾರುತ್ತಾರೆ) ಎರಡೂ ಹಸಿರು. ಗಡಿಗೆಯಲ್ಲಿ ಐದು ಮರಿ: ಮೂರು ಹಸಿರು, ಒಂದು ನೀಲಿ, ಒಂದು ಪೂರ್ತಿ ಹಳದಿ. ಪಂಜರದಲ್ಲಿ ಬೇರೆ ಗಂಡಿಲ್ಲ. ಅಂಗಡಿಯವ ಏನೋ ಮೋಸ ಮಾಡಿದ ಅಂತ ಮನೆಯಲ್ಲಿ ಒಂದೇ ಮಾತು.

ಬೆಳಗಾವಿಯ ಹಕ್ಕಿ ಅಣ್ಣ:
ಜಗಳಕ್ಕೆ ಹೋಗಬೇಡಿ. ಹಳದಿ ಮರಿಯ ಕಣ್ಣು ಯಾವ ಬಣ್ಣ? ಜೋಡಿ ತಂದು ಎಷ್ಟು ದಿನಕ್ಕೆ ಮೊಟ್ಟೆ ಇಟ್ಟಿತು?

ವಿಜಯಪುರದ ಹೊಸಬ:
ಕಣ್ಣು ದಾಳಿಂಬೆ ಕಾಳಿನ ಹಾಗೆ ಕೆಂಪು. ಮೊಟ್ಟೆ ಇಟ್ಟಿದ್ದು ನಾಲ್ಕು ತಿಂಗಳಿಗೆ.

ಬೆಳಗಾವಿಯ ಹಕ್ಕಿ ಅಣ್ಣ:
ನಾಲ್ಕು ತಿಂಗಳಾಗಿದ್ದರೆ ಅಂಗಡಿಯಲ್ಲಿದ್ದಾಗ ಕೂಡಿದ ಬೇರೆ ಗಂಡಿನದ್ದಲ್ಲ, ಅಪ್ಪ ಇದೇ ಗಂಡು. ನೀಲಿಯ ಲೆಕ್ಕ ಸುಲಭ. ಹಸಿರಿನ ಜೀನ್ ಒಂದಿದ್ದರೂ ಸಾಕು, ಹಕ್ಕಿ ಹಸಿರೇ. ನೀಲಿ ಒಳಗೆ ಸುಮ್ನೆ ಅಡಗಿರುತ್ತದೆ. ನಿಮ್ಮ ಎರಡರಲ್ಲೂ ಅಡಗಿದೆ. ಎರಡೂ ಕಡೆಯಿಂದ ನೀಲಿಯೇ ಬಂದರೆ ಮರಿ ನೀಲಿ. ಪ್ರತಿ ಮೊಟ್ಟೆಗೂ ನಾಲ್ಕರಲ್ಲಿ ಒಂದು ಅವಕಾಶ. ಮೆಂಡೆಲ್ 1866ರಲ್ಲಿ ಬಟಾಣಿ ಗಿಡಗಳಿಂದ ತೋರಿಸಿದ ಲೆಕ್ಕವೇ ಇದು.

ಮಜಾ ಇರುವುದು ಹಳದಿಯಲ್ಲಿ. ಕೆಂಗಣ್ಣಿನ ಹಳದಿಗೆ ಲುಟಿನೋ ಅಂತಾರೆ. ಸಾಮಾನ್ಯವಾಗಿ ಆ ಜೀನ್ ಇರುವುದು ಗಂಡೋ ಹೆಣ್ಣೋ ಅಂತ ನಿರ್ಧರಿಸುವ ಝಡ್ ಕ್ರೋಮೋಸೋಮ್ ಮೇಲೆ. ಹಕ್ಕಿಗಳದ್ದು ನಮ್ಮ ಉಲ್ಟಾ: ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದೇ. ಹೆಣ್ಣಿನಲ್ಲಿ ಅದು ಅಡಗಿ ಕೂರಲು ಜಾಗವೇ ಇಲ್ಲ, ಇದ್ದರೆ ಕಂಡೇ ಕಾಣುತ್ತದೆ. ತಾಯಿ ಹಸಿರು, ಅಂದರೆ ಅವಳಲ್ಲಿಲ್ಲ. ಕೊಟ್ಟಿದ್ದು ಅಪ್ಪ. ಗಂಡು ಮರಿಗೆ ತಾಯಿಯ ಝಡ್ ಕೂಡ ಸಿಗುವುದರಿಂದ ಅದು ಲುಟಿನೋ ಆಗುವುದಿಲ್ಲ. ನಿಮ್ಮ ಹಳದಿ ಮರಿ ಹೆಣ್ಣೇ! ಗಂಡೋ ಹೆಣ್ಣೋ ತಿಳಿಯಲು ಮೂಗಿನ ಬಣ್ಣ ಬಲಿಯುವ ತನಕ ಕಾಯಬೇಕಿಲ್ಲ. ಮುಂದೆ ಕೆಂಗಣ್ಣಿನ ಬಿಳಿ ಮರಿ ಬಂದರೂ ಗಾಬರಿ ಬೇಡ. ಅದು ನೀಲಿ, ಲುಟಿನೋ ಎರಡೂ ಕೂಡಿದ್ದು, ಹದಿನಾರಕ್ಕೆ ಒಂದು.

ವಿಜಯಪುರದ ಹೊಸಬ (ಮೂರು ತಿಂಗಳಾದ ಮೇಲೆ):
ಅಣ್ಣಾ, ಈ ಸಲ ಮೂರು ಹಸಿರು, ಒಂದು ಹಳದಿ. ನಾಲ್ಕಕ್ಕೊಂದು ನೀಲಿ ಅಂದಿದ್ರಿ ಅಲ್ವಾ?

ಬೆಳಗಾವಿಯ ಹಕ್ಕಿ ಅಣ್ಣ:
ಮೊಟ್ಟೆಗಳು ಒಂದನ್ನೊಂದು ಕೇಳಿಕೊಂಡು ಬರುವುದಿಲ್ಲ. ನಾಲ್ಕರಲ್ಲಿ ಒಂದೂ ನೀಲಿ ಬಾರದಿರುವುದು ನೂರಕ್ಕೆ ಸುಮಾರು 32 ಸಲ. ನೀಲಿ ಜಾಸ್ತಿ ಬೇಕಿದ್ದರೆ ಹೊರಗಿನಿಂದ ನೀಲಿ ಹೆಣ್ಣು ತಂದು ಇದೇ ಗಂಡಿನ ಜೊತೆ ಬಿಡಿ, ಅರ್ಧದಷ್ಟು ಅವಕಾಶ. ಮನೆಯ ನೀಲಿ ಮರಿಯನ್ನೇ ಅಪ್ಪನಿಗೋ ತಾಯಿಗೋ ಜೋಡಿ ಮಾಡಬೇಡಿ.

ವಿಜಯಪುರದ ಹೊಸಬ:
ನೀಲಿ ಹೆಣ್ಣು ತಂದೆ. ಗಂಡು ಹತ್ತಿರಕ್ಕೂ ಬಿಟ್ಟುಕೊಳ್ಳುತ್ತಿಲ್ಲ. ದಿನವಿಡೀ ಪಕ್ಕದ ಪಂಜರದ ಹಳೆಯವಳ ಕಡೆಗೇ ಕಣ್ಣು.

ಬೆಳಗಾವಿಯ ಹಕ್ಕಿ ಅಣ್ಣ:
ಪಕ್ಕದಲ್ಲೇ ಇಟ್ಟಿದ್ದೀರಾ? ಆ ಪಂಜರ ಅದರ ದನಿ ಕೇಳದಷ್ಟು ದೂರ ಇಡಿ ಮಾರಾಯರೇ.