ಸಹಕಾರ ಸಂಘದಲ್ಲಿ ಮತವಿಲ್ಲದೆ ದುಡಿಯುವವರು: ಕ್ಯಾಥೋಲಿಕ್ ಚಿಂತನೆ ಏನು ಹೇಳುತ್ತದೆ?

ಬೈಂಡಿಂಗ್ ಮೇಜು (ಪ್ರಶ್ನೆ)

ನಾವು 14 ಜನ ಸೇರಿ ಒಂದು ಮುದ್ರಣ ಸಹಕಾರ ಸಂಘ ನಡೆಸುತ್ತಿದ್ದೇವೆ. ನಾನು ಬೈಂಡಿಂಗ್ ಮಾಡುತ್ತೇನೆ, ಲೆಕ್ಕವನ್ನೂ ನೋಡಿಕೊಳ್ಳುತ್ತೇನೆ. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಕೆಲಸ ಜಾಸ್ತಿಯಾದ ಮೇಲೆ ಇನ್ನೂ 9 ಜನರನ್ನು ಸಂಬಳಕ್ಕೆ ಇಟ್ಟುಕೊಂಡೆವು. ಅವರು ಸದಸ್ಯರಲ್ಲ.

ಹೋದ ವಾರ ಸರ್ವ ಸದಸ್ಯರ ಸಭೆ ಇತ್ತು. ಮೆಷಿನ್ ನಿಲ್ಲಿಸಿ, ಕಾಗದದ ಬಂಡಲುಗಳ ಮೇಲೆಯೇ ಕೂತೆವು. ಲಾಭ ಹಂಚುವ ವಿಷಯಕ್ಕೆ ಎಲ್ಲರೂ ಕೈ ಎತ್ತಿದೆವು. ಆಗ ಬಾಗಿಲ ಕಡೆ ನೋಡಿದೆ. ಕಟಿಂಗ್ ಮೆಷಿನ್ ನಡೆಸುವವರು ಚೌಕಟ್ಟಿಗೆ ಒರಗಿ ನಿಂತಿದ್ದರು. ನಮ್ಮ ಕೈಗಳನ್ನು ಎಣಿಸುತ್ತಿದ್ದರು, ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. 6 ವರ್ಷದಿಂದ ನಮ್ಮಲ್ಲಿದ್ದಾರೆ. ಆ ಲಾಭದಲ್ಲಿ ಅವರ ದುಡಿಮೆಯೂ ಇದೆ, ಅಲ್ವಾ? ಅವತ್ತಿನಿಂದ ಅದೇ ಕಣ್ಣ ಮುಂದೆ ಬರುತ್ತಿದೆ.

ಸ್ನೇಹಿತರೊಬ್ಬರು, ಇದರ ಬಗ್ಗೆ ಕ್ಯಾಥೋಲಿಕ್ ಧರ್ಮಸಭೆ ತುಂಬಾ ಯೋಚನೆ ಮಾಡಿದೆ, ಓದಿ ನೋಡಿ ಎಂದರು. ನಾನು ಕ್ರೈಸ್ತನಲ್ಲ. ಸಹಕಾರ ಹುಟ್ಟಿದ್ದೇ ಚರ್ಚಿನಿಂದಲಾ? ಸದಸ್ಯರಲ್ಲದವರನ್ನು ದುಡಿಸಿಕೊಳ್ಳುವ ಬಗ್ಗೆ ಅಲ್ಲಿ ಏನಾದರೂ ಸಿಗುತ್ತದಾ?

ಹಳೇ ಕಡತ

ಚರ್ಚಿನಿಂದ ಹುಟ್ಟಲಿಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರು ಮತ್ತು ಬೇರೆ ಕುಶಲಕರ್ಮಿಗಳು ಸೇರಿ 1844ರಲ್ಲಿ ಅಂಗಡಿ ತೆರೆದರು. ಧರ್ಮದ ವಿಷಯದಲ್ಲಿ ಸಂಘ ಯಾರ ಪಕ್ಷವನ್ನೂ ಹಿಡಿಯಬಾರದು ಎನ್ನುವುದು ಅವರ ನಿಯಮಗಳಲ್ಲೊಂದು. ಜರ್ಮನಿಯಲ್ಲಿ ಹಳ್ಳಿಯ ಸಾಲದ ಸಂಘಗಳನ್ನು ಕಟ್ಟಿದ ರೈಫೈಸನ್ ಪ್ರೊಟೆಸ್ಟೆಂಟ್. ಪೋಪ್ 13ನೇ ಲಿಯೋ ಕಾರ್ಮಿಕರ ಬಗ್ಗೆ 'ರೇರುಮ್ ನೊವಾರುಮ್' ಎಂಬ ಪತ್ರ ಬರೆದದ್ದು 1891ರಲ್ಲಿ. ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕಿದೆ, ಆದಷ್ಟು ಜಾಸ್ತಿ ಜನ ಆಸ್ತಿಯ ಒಡೆಯರಾಗಬೇಕು ಎಂದರು. ಪೋಪ್ 23ನೇ ಜಾನ್ 1961ರಲ್ಲಿ ಬರೆದ ಪತ್ರದಲ್ಲಿ ಸಹಕಾರ ಸಂಘಗಳಿಗೆ ಬಾಯಿಬಿಟ್ಟು ಬೆಂಬಲ ಕೊಟ್ಟರು.

ಸಂಜೆ ಓದು

ನಾನು ಕ್ಯಾಥೋಲಿಕ್. ಒಂದು ಸಾಲದ ಸಹಕಾರ ಸಂಘದಲ್ಲಿ ಬಹಳ ವರ್ಷ ಕಾರ್ಯದರ್ಶಿಯಾಗಿದ್ದೆ. ನಿಮ್ಮ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಮೊದಲು ಓದಬೇಕಾದದ್ದು ಪೋಪ್ ಎರಡನೇ ಜಾನ್ ಪಾಲ್ ಅವರು 1981ರಲ್ಲಿ ಬರೆದ 'ಲಬೋರೆಮ್ ಎಕ್ಸರ್ಚೆನ್ಸ್' ಎಂಬ ಪತ್ರ. ಬಂಡವಾಳಕ್ಕಿಂತ ದುಡಿಮೆ ಮೊದಲು ಎನ್ನುವುದು ಅದರ ತಿರುಳು. ಯಂತ್ರ, ಹಣ, ಕಟ್ಟಡ ಎಲ್ಲವೂ ಸಲಕರಣೆಗಳು. ಅವು ಕೂಡ ಹಿಂದೆ ಯಾರೋ ದುಡಿದದ್ದರ ಫಲ. ಎಲ್ಲರೂ ಒಟ್ಟಿಗೆ ದುಡಿಯುವ ಆ ದೊಡ್ಡ ಕೆಲಸದ ಮೇಜಿಗೆ ತಾನೂ ಒಬ್ಬ ಪಾಲುದಾರ ಎಂದು ದುಡಿಯುವ ಪ್ರತಿಯೊಬ್ಬರಿಗೂ ಅನಿಸಬೇಕು ಎನ್ನುವ ಮಾತು ಅಲ್ಲಿ ಬರುತ್ತದೆ. ನಿಮ್ಮ ಹೆಸರು ನೋಡಿದ ಕೂಡಲೇ ಅದೇ ನೆನಪಾಯಿತು. ಬಾಗಿಲಲ್ಲಿ ನಿಂತಿದ್ದವರಿಗೆ ಹಾಗೆ ಅನಿಸುತ್ತದಾ?

ಇದನ್ನು ಮಾಡಿ ತೋರಿಸಿದವರು ಸ್ಪೇನಿನ ಬಾಸ್ಕ್ ನಾಡಿನ ಕ್ಯಾಥೋಲಿಕ್ ಗುರುಗಳು (ಪಾದ್ರಿ), ಅರಿಸ್ಮೆಂಡಿಯರಿಯೆಟಾ. ಅಂತರ್ಯುದ್ಧ ಮುಗಿದು ಸೊರಗಿದ್ದ ಮೊಂಡ್ರಗಾನ್ ಊರಿಗೆ 1941ರಲ್ಲಿ ಬಂದರು. ಬಂದವರೇ ಕಾರ್ಖಾನೆ ತೆರೆಯಲಿಲ್ಲ. 1943ರಲ್ಲಿ ಹುಡುಗರಿಗೆ ತಾಂತ್ರಿಕ ಶಾಲೆ ಶುರು ಮಾಡಿದರು. ಅಲ್ಲಿ ಕಲಿತ ಐವರು 1956ರಲ್ಲಿ ಉಲ್ಗೋರ್ ಎಂಬ ಸಹಕಾರಿ ಕಾರ್ಖಾನೆ ಕಟ್ಟಿದರು. ಐವರ ಹೆಸರಿನ ಅಕ್ಷರಗಳನ್ನು ಸೇರಿಸಿ ಇಟ್ಟ ಹೆಸರು ಅದು. ಸೀಮೆಎಣ್ಣೆ ಸ್ಟೌವಿನಿಂದ ಆರಂಭ. 1959ರಲ್ಲಿ ತಮ್ಮದೇ ಬ್ಯಾಂಕ್. ಮೊದಲ ದಿನಗಳಲ್ಲಿ ಅತಿ ಹೆಚ್ಚಿನ ಸಂಬಳ ಅತಿ ಕಡಿಮೆಯದರ ಮೂರು ಪಟ್ಟು ದಾಟುವ ಹಾಗಿರಲಿಲ್ಲ. ಗುರುಗಳು ಮಾತ್ರ ಯಾವ ಹುದ್ದೆಯಲ್ಲೂ ಕೂರಲಿಲ್ಲ.

15 ವರ್ಷ! ಊರಿಗೆ ಬಂದ ದಿನದಿಂದ ಮೊದಲ ಸಂಘದವರೆಗೆ ಅಷ್ಟು ಕಾಲ ಹಿಡಿಯಿತು. ಓದಿಸುವುದು, ಮಾತಾಡಿಸುವುದು, ಜವಾಬ್ದಾರಿ ಹೊರಲು ಕಲಿಸುವುದು, ಅಷ್ಟೂ ವರ್ಷ ಅದೇ ಕೆಲಸ. ಕೆನಡಾದ ಆಂಟಿಗೊನಿಶ್‌ನಲ್ಲಿ ಫಾದರ್ ಕೋಡಿ ಮಾಡಿದ್ದೂ ಅದನ್ನೇ. ಮೀನುಗಾರರು ಸಣ್ಣ ಸಣ್ಣ ಗುಂಪಾಗಿ ಕೂತು ಮೊದಲು ಓದಿದರು, ಲೆಕ್ಕ ಕಲಿತರು. ಸಾಲದ ಸಂಘ, ಮೀನು ಮಾರುವ ಸಂಘ ಎಲ್ಲಾ ಆಮೇಲೆ ಬಂದವು. ನಿಮ್ಮ 9 ಜನರಿಗೆ ಸಂಘದ ಲೆಕ್ಕಪುಸ್ತಕವನ್ನು ಯಾರಾದರೂ ತೆರೆದು ತೋರಿಸಿದ್ದಾರಾ? ನಾನಾದರೆ ಅಲ್ಲಿಂದ ಶುರು ಮಾಡುತ್ತಿದ್ದೆ.

ಷೇರುದಾರ

ಮೇಲಿನವರ ಮಾತು ಒಪ್ಪುತ್ತೇನೆ. ಆದರೆ ಮೊಂಡ್ರಗಾನ್‌ನಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಿತು ಅಂದುಕೊಳ್ಳಬೇಡಿ. 1974ರಲ್ಲಿ ಉಲ್ಗೋರ್‌ನಲ್ಲೇ ಮುಷ್ಕರವಾಯಿತು, ಮುಂದೆ ನಿಂತವರನ್ನು ಸಂಘದಿಂದ ಹೊರಹಾಕಿದರು. ಮೊಂಡ್ರಗಾನ್ ಸಹಕಾರ ಸಂಘಗಳ ಬಳಗದ್ದೇ ಆದ ಫಾಗೋರ್ ಗೃಹೋಪಕರಣ ಕಂಪನಿ 2013ರಲ್ಲಿ ದಿವಾಳಿಯಾಯಿತು. ಹೊರದೇಶದ ಅವರ ಕಾರ್ಖಾನೆಗಳಲ್ಲಿ ದುಡಿಯುವವರು ಬಹುಪಾಲು ಸದಸ್ಯರಲ್ಲ. ನಿಮ್ಮನ್ನು ಕಾಡುತ್ತಿರುವ ಪ್ರಶ್ನೆ ಅವರಿಗೂ ಇನ್ನೂ ಬಗೆಹರಿದಿಲ್ಲ.

ಇನ್ನು ಷೇರು ಹಣದ ವಿಷಯ. 'ಅವರ ಹತ್ತಿರ ಅಷ್ಟು ದುಡ್ಡಿಲ್ಲ' ಎಂದು ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೊಂಡ್ರಗಾನ್‌ನಲ್ಲಿ ಹೊಸಬರು ಪ್ರವೇಶದ ಹಣವನ್ನು ಒಂದೇ ಸಲ ತರಬೇಕಿಲ್ಲ, ಸಂಬಳದಲ್ಲಿ ಕಂತು ಕಂತಾಗಿ ಮುರಿದುಕೊಳ್ಳಬಹುದು. ಲಾಭದ ಪಾಲನ್ನು ಅಲ್ಲಿ ಕೈಗೆ ಕೊಡದೆ ಸದಸ್ಯರ ಹೆಸರಿನ ಖಾತೆಗೇ ಜಮೆ ಮಾಡುತ್ತಾರೆ, ಬಿಡುವಾಗ ಅಥವಾ ನಿವೃತ್ತಿಯಲ್ಲಿ ಸಿಗುತ್ತದೆ. ಸಂಘದ ಬಂಡವಾಳವೂ ಕರಗುವುದಿಲ್ಲ. ನಿಮ್ಮ ಬೈಲಾದಲ್ಲಿ ಇದಕ್ಕೆ ಅವಕಾಶ ಇದೆಯಾ, ಮೊದಲು ನೋಡಿಕೊಳ್ಳಿ.

ಬೈಂಡಿಂಗ್ ಮೇಜು

ಎಲ್ಲರಿಗೂ ಧನ್ಯವಾದ. ಬೈಲಾ ತೆಗೆದು ನೋಡಿದೆ. ಒಂದು ವರ್ಷ ದುಡಿದವರು ಯಾರು ಬೇಕಾದರೂ ಸದಸ್ಯತ್ವ ಕೇಳಬಹುದು ಎಂದು ಮೊದಲಿನಿಂದಲೂ ಇದೆ. ಅದನ್ನು ಬರೆದವರಲ್ಲಿ ನಾನೂ ಒಬ್ಬ. ಅವರಿಗೆ ಯಾರೂ ಹೇಳಿಲ್ಲ, ನಾನೂ ಹೇಳಿಲ್ಲ. ಕಂತಿನ ಬಗ್ಗೆ ಏನೂ ಇಲ್ಲ, ಅದಕ್ಕೆ ತಿದ್ದುಪಡಿ ತರಬೇಕು.

ಇವತ್ತು ಕೆಲಸ ಮುಗಿದ ಮೇಲೆ ಕಟಿಂಗ್ ಮೆಷಿನ್ ಹತ್ತಿರ ಲೆಕ್ಕಪುಸ್ತಕ ತೆಗೆದುಕೊಂಡು ಹೋದೆ. ಅವರು ಕೈ ಒರೆಸಿಕೊಂಡು ಬಂದು ಕೂತರು. ಮೊದಲು ಕೇಳಿದ್ದು ಮೀಸಲು ನಿಧಿಯ ಬಗ್ಗೆ, ಅದು ಯಾರದ್ದು ಎಂದು. ಒಂದೂವರೆ ಗಂಟೆ ಕೂತಿದ್ದೆವು. ನಾಳೆ ಉಳಿದ ಎಂಟು ಜನರೂ ಬರುತ್ತಾರಂತೆ.