ಬಿಗಿ ಕಿಟಕಿಗಳ ಹೊಸ ಮನೆಯಲ್ಲಿ ಬೂಷ್ಟು: ಬಣ್ಣ ಬಳಿದರೆ ಸಾಕೇ?

ಪ್ರಶ್ನೆ: ವಿದ್ಯಾನಗರ, ದಾವಣಗೆರೆ

ಮಾನ್ಯರೇ, ಬೇಸಿಗೆಯ ಧಗೆಯನ್ನೂ ಕರೆಂಟ್ ಬಿಲ್ಲನ್ನೂ ತಗ್ಗಿಸಲೆಂದು ಎಎಸಿ ಬ್ಲಾಕ್ (ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್ ಇಟ್ಟಿಗೆ) ಗೋಡೆ ಕಟ್ಟಿಸಿ, ರಬ್ಬರ್ ಪಟ್ಟಿಯ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಹಾಕಿಸಿ, ಧೂಳಿಗೆ ಹೆದರಿ ವೆಂಟಿಲೇಟರ್‌ಗಳನ್ನು ಕೈಬಿಟ್ಟಿದ್ದೇವೆ. ಈ ಮಳೆಗಾಲದಲ್ಲಿ ಮಲಗುವ ಕೋಣೆಯ ಬೀರುವಿನ ಹಿಂದೆ ಕಪ್ಪು ಬೂಷ್ಟು ಹಿಡಿದಿದೆ. ಬೆಳಿಗ್ಗೆ ಮುಗ್ಗಲು ವಾಸನೆ, ಅತ್ತೆಯವರಿಗೆ ಕೆಮ್ಮು. ವಾಟರ್‌ಪ್ರೂಫ್ ಬಣ್ಣ ಬಳಿದರೆ ಸಾಕೆಂದು ಪೇಂಟಿನವರು ಹೇಳುತ್ತಾರೆ.

ಉತ್ತರ: ಸಿವಿಲ್ ಇಂಜಿನಿಯರ್, ಚಿತ್ರದುರ್ಗ

ಬಣ್ಣಕ್ಕೆ ಹಣ ಸುರಿಯುವ ಮೊದಲು ತೇವದ ಮೂಲವನ್ನು ಪತ್ತೆಮಾಡಿ. ಬೂಷ್ಟಿಲ್ಲದ ಪಕ್ಕದ ಜಾಗದಲ್ಲಿ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ ಒದ್ದೆಯಾದರೆ ನೀರು ಗೋಡೆಯಿಂದ ಬರುತ್ತಿದೆ, ಅಂದರೆ ಪ್ಲಾಸ್ಟರ್ ಬಿರುಕನ್ನೋ ಪೈಪ್ ಸೋರಿಕೆಯನ್ನೋ ಹುಡುಕಬೇಕು. ಕೋಣೆಯ ಕಡೆಯ ಮುಖ ಒದ್ದೆಯಾದರೆ ಅದು ಒಳಗಿನ ಗಾಳಿಯದೇ ತೇವ. ನಿಮ್ಮ ವಿವರಣೆಯಂತೆ ಎರಡನೆಯದೇ ಇರಬೇಕು. ಉಸಿರು, ಅಡುಗೆಯ ಹಬೆ, ಒಳಗೆ ಹರವಿದ ಬಟ್ಟೆ ಇವುಗಳ ತೇವ ಹೊರಹೋಗಲು ದಾರಿಯಿಲ್ಲದೆ, ಬೀರುವಿನ ಹಿಂದಿನ ತಣ್ಣನೆಯ ಹೊರಗೋಡೆಯಲ್ಲಿ ಸೇರುತ್ತದೆ. ಅಲ್ಲಿ ಆರ್ದ್ರತೆ ಶೇ. 80 ದಾಟಿ ಕೆಲವು ದಿನ ನಿಂತರೆ, ಒಂದು ಹನಿಯೂ ಕಾಣದಿದ್ದರೂ ಬೂಷ್ಟು ಬೆಳೆಯುತ್ತದೆ. ಅಂದಹಾಗೆ, ವಿದ್ಯುತ್ ಉಳಿತಾಯಕ್ಕೆಂದೇ 2018ರಲ್ಲಿ ಬಂದ, ವಸತಿ ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರ ರೂಪಿಸಿದ ನಿಯಮಾವಳಿಯಾದ ಇಕೋ ನಿವಾಸ್ ಸಂಹಿತೆಯೂ ನೆಲದ ವಿಸ್ತೀರ್ಣದ ಇಂತಿಷ್ಟು ಪಾಲು ತೆರೆಯಬಲ್ಲ ಕಿಟಕಿ ಇರಬೇಕೆನ್ನುತ್ತದೆ. ಬಿಸಿ ಮತ್ತು ಒಣ ಹವೆಯ ಪ್ರದೇಶಕ್ಕೆ ಅದು ಶೇ. 10.

ಪ್ರಶ್ನೆ ಕೇಳಿದವರು

ಮಳೆಯಲ್ಲಿ ಕಿಟಕಿ ತೆರೆದರೆ ಹೊರಗಿನ ತೇವವೇ ಒಳಬರುವುದಿಲ್ಲವೇ? ರಾತ್ರಿ ಸ್ಪ್ಲಿಟ್ ಎಸಿ ಹಾಕಿದರೆ ಆಗದೇ?

ಉತ್ತರ: ಭೌತಶಾಸ್ತ್ರ ಉಪನ್ಯಾಸಕ, ದಾವಣಗೆರೆ

ಹೊರಗೆ 22 ಡಿಗ್ರಿಯಲ್ಲಿ ಶೇ. 85 ಆರ್ದ್ರತೆಯಿರುವ ಗಾಳಿ ಒಳಗೆ ಬಂದು 27 ಡಿಗ್ರಿಗೆ ಬೆಚ್ಚಗಾದರೆ ಅದರ ಆರ್ದ್ರತೆ ಸುಮಾರು ಶೇ. 65ಕ್ಕೆ ಇಳಿಯುತ್ತದೆ. ಆದ್ದರಿಂದ ಎರಚಲು ಬೀಳದ ಕಡೆಯ ಕಿಟಕಿಯನ್ನು ತೆರೆದರೆ ಮಳೆಗಾಲದಲ್ಲೂ ಕೋಣೆ ಒಣಗುತ್ತದೆ. ಎಸಿ ನಡೆಯುವಾಗ ಮಾತ್ರ ತೆರೆಯಬೇಡಿ, ತಣ್ಣನೆಯ ಗೋಡೆಗೆ ಆ ತೇವ ತಗಲುತ್ತದೆ. ಸ್ಪ್ಲಿಟ್ ಎಸಿ ಸ್ವಲ್ಪ ತೇವ ಹೀರುವುದು ನಿಜ, ಆದರೆ ಒಳಗಿನ ಗಾಳಿಯನ್ನೇ ತಿರುಗಿಸುವುದರಿಂದ ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಲೇ ಹೋಗುತ್ತದೆ.

ಉತ್ತರ: ಸಿವಿಲ್ ಇಂಜಿನಿಯರ್, ಚಿತ್ರದುರ್ಗ

ಒಪ್ಪುತ್ತೇನೆ. ನಮ್ಮ ಕಡೆಯ ಮಾಳಿಗೆ ಮನೆಗಳಲ್ಲಿ ಗವಾಕ್ಷಿ ಮಾಡುತ್ತಿದ್ದ ಕೆಲಸವನ್ನು ನಿಮ್ಮಲ್ಲಿ ಬಚ್ಚಲು ಮತ್ತು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಮಾಡಬೇಕು. ಬಾಗಿಲ ಕೆಳಗೆ ಸಂದಿಯಿಲ್ಲದಿದ್ದರೆ ಅದು ಸುಮ್ಮನೆ ತಿರುಗುತ್ತದೆ, ಗಾಳಿ ಎಳೆಯುವುದಿಲ್ಲ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಸರಿಸಿ, ಎನ್95 ಮಾಸ್ಕ್ ಹಾಕಿಕೊಂಡು ಬೂಷ್ಟನ್ನು ಸೋಪಿನ ನೀರಿನಿಂದ ಒರೆಸಿ. ಒಣಗಿಸಿ ಉಜ್ಜಿದರೆ ಅದರ ಪುಡಿ ಮನೆಯೆಲ್ಲ ಹರಡುತ್ತದೆ. ಗೋಡೆ ಪೂರ್ತಿ ಒಣಗಿದ ಮೇಲೆ ಬಣ್ಣದ ಮಾತು. ಅತ್ತೆಯವರ ಕೆಮ್ಮನ್ನು ಮಾತ್ರ ಅಲ್ಲಿಯವರೆಗೆ ಕಾಯಿಸದೆ ವೈದ್ಯರಿಗೆ ತೋರಿಸಿ.