ಸರ್ಕಾರ, ಚರ್ಚ್, ದೇವಸ್ಥಾನ ಕ್ಷಮೆ ಕೇಳಿದರೆ ಕಾನೂನಿನಲ್ಲಿ ಏನಾಗುತ್ತದೆ?

ಪ್ರಶ್ನೆ (ಬೇಲೂರಿನಿಂದ): ಸರ್, 1914ರಲ್ಲಿ ಭಾರತೀಯರನ್ನು ಹೊತ್ತು ಬಂದ ಕೊಮಗಾಟಾ ಮಾರು ಹಡಗನ್ನು ವಾಪಸ್ ಕಳಿಸಿದ್ದಕ್ಕೆ ಕೆನಡಾ ಪ್ರಧಾನಿ 2016ರಲ್ಲಿ ಸಂಸತ್ತಿನಲ್ಲೇ ಕ್ಷಮೆ ಕೇಳಿದರು. ಜಲಿಯನ್‌ವಾಲಾ ಬಾಗ್‌ಗೆ ನೂರು ವರ್ಷ ತುಂಬಿದಾಗಲೂ ಬ್ರಿಟನ್ ಸರ್ಕಾರ ಕೇಳಲಿಲ್ಲ. ಪರಿಹಾರ ಕೊಡಬೇಕಾಗುತ್ತೆ ಅನ್ನೋ ಭಯ ಅಲ್ವಾ?

ಉತ್ತರ (ಹಾಸನದ ವಕೀಲರು): ಭಯ ಇದ್ದೇ ಇರುತ್ತದೆ. ಒಪ್ಪಿಕೊಂಡ ಮಾತು ನಾಳೆ ಕೋರ್ಟಿನಲ್ಲಿ ಎದುರಿಗೆ ಬಂದು ನಿಲ್ಲಬಹುದು. 2019ರಲ್ಲಿ ಆಗಿನ ಬ್ರಿಟನ್ ಪ್ರಧಾನಿ ಥೆರೆಸಾ ಮೇ ವಿಷಾದ ಹೇಳಿ ಅಲ್ಲಿಗೇ ನಿಲ್ಲಿಸಿದರು. ಅದೇ ವರ್ಷ ಇಂಗ್ಲೆಂಡಿನ ಚರ್ಚಿನ ಹಿರಿಯ ಧರ್ಮಗುರು, ಕ್ಯಾಂಟರ್ಬರಿಯ ಆರ್ಚ್‌ಬಿಷಪ್, ಅಮೃತಸರಕ್ಕೆ ಬಂದು, ಸ್ಮಾರಕದ ಮುಂದೆ ನೆಲಕ್ಕೆ ಬೋರಲು ಬಿದ್ದು ಕ್ಷಮೆ ಕೇಳಿದರು. ಸರ್ಕಾರದ ಪರವಾಗಿ ಮಾತಾಡಲಾರೆ ಅಂತಲೂ ಹೇಳಿದರು.

ಆದರೆ ಈ ಭಯಕ್ಕೆ ಮದ್ದಿದೆ. ಕ್ಷಮೆ ಕೇಳಿದ್ದನ್ನೇ ತಪ್ಪೊಪ್ಪಿಗೆ ಅಂತ ಹಿಡಿಯುವಂತಿಲ್ಲ ಎಂದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2006ರಲ್ಲೇ ಕಾಯ್ದೆ ಮಾಡಿತು.

ನನಗೆ ಸರಿ ಅನ್ನಿಸುವುದು ಅಮೆರಿಕದ 1988ರ ಕಾಯ್ದೆ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಮೂಲದವರನ್ನು ಶಿಬಿರಗಳಿಗೆ ತಳ್ಳಿದ್ದಕ್ಕೆ ಕಾಯ್ದೆಯೊಳಗೇ ಕ್ಷಮೆ ಬರೆದರು. ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಟ್ಟರು. 1990ರಲ್ಲಿ ಮೊದಲ ಚೆಕ್ಕುಗಳು ಎಲ್ಲರಿಗಿಂತ ಹಿರಿಯರಿಗೆ ಹೋದವು. ಸರ್ಕಾರದ ಕಾನೂನು ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್ ಆ ವೃದ್ಧರ ಮುಂದೆ ಮಂಡಿಯೂರಿ ಚೆಕ್ ಕೊಟ್ಟರು. ಜೊತೆಗೆ ಅಧ್ಯಕ್ಷರ ಸಹಿ ಇದ್ದ ಪತ್ರ. ಅಷ್ಟರಲ್ಲಿ ಎಷ್ಟೋ ಜನ ತೀರಿಹೋಗಿದ್ದರು. ತಡಮಾಡಿದ್ದಕ್ಕೆ ಯಾವ ಚೆಕ್ಕೂ ಸಾಲದು.

ಪ್ರಶ್ನೆ (ಚನ್ನರಾಯಪಟ್ಟಣ ಕಡೆಯಿಂದ): ನಮ್ಮೂರ ದೇವಸ್ಥಾನದೊಳಗೆ ಮೊದಲು ದಲಿತರನ್ನು ಬಿಡುತ್ತಿರಲಿಲ್ಲ. ಈಗ ಕಮಿಟಿಯ ಹುಡುಗರು ಜಾತ್ರೆಯಲ್ಲಿ ಮೈಕ್ ಹಿಡಿದು ಕ್ಷಮೆ ಕೇಳೋಣ ಅಂತಿದ್ದಾರೆ. ಹಿರಿಯರು ಸುಮ್ನೆ ಕೇಸಾಗುತ್ತೆ ಅಂತ ಹೆದರಿಸುತ್ತಿದ್ದಾರೆ. ಏನು ಮಾಡೋದು?

ಉತ್ತರ: ಅಪರಾಧ ಇರುವುದು ತಡೆದದ್ದರಲ್ಲಿ, ಕ್ಷಮೆ ಕೇಳುವುದರಲ್ಲಿ ಅಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಹೇಳುವುದೂ ಅದನ್ನೇ. ಹಾಗಂತ ಈಗಾಗಲೇ ಕೇಸಿದ್ದರೆ ಕ್ಷಮೆ ಕೇಳಿದ ಮಾತ್ರಕ್ಕೆ ಅದು ಬಿದ್ದುಹೋಗುವುದಿಲ್ಲ. ಇದನ್ನು ಹಿರಿಯರಿಗೆ ನೇರವಾಗಿ ಹೇಳಿ. ಆ ಹುಡುಗರ ಮನಸ್ಸು ದೊಡ್ಡದು, ಅವರನ್ನು ಹಿಂದಕ್ಕೆ ಎಳೆಯಬೇಡಿ.

ಒಂದು ಎಚ್ಚರ ಇರಲಿ. 2022ರಲ್ಲಿ ಪೋಪ್ ಫ್ರಾನ್ಸಿಸ್ ಕೆನಡಾಕ್ಕೆ ಹೋಗಿ, ಮೂಲನಿವಾಸಿ ಮಕ್ಕಳ ವಸತಿ ಶಾಲೆಗಳಲ್ಲಿ ಆದ ದೌರ್ಜನ್ಯಕ್ಕೆ ಕ್ಷಮೆ ಕೇಳಿದರು. ಅನೇಕ ಕ್ರೈಸ್ತರು ಮಾಡಿದ ಕೆಡುಕು ಅಂದರು. ಚರ್ಚ್ ಒಂದು ಸಂಸ್ಥೆಯಾಗಿ ಮಾಡಿದ್ದನ್ನು ಹೇಳಲಿಲ್ಲ ಅಂತ ಅಲ್ಲಿನವರೇ ನೊಂದುಕೊಂಡರು. ನೀವೂ 'ಯಾರಿಗಾದರೂ ನೋವಾಗಿದ್ದರೆ' ಅನ್ನಬೇಡಿ. 'ನಮ್ಮ ಕಮಿಟಿ ತಡೆದಿತ್ತು' ಅನ್ನಿ.

ಮೈಕ್ ಹಿಡಿಯುವ ಮೊದಲು ನಿಮ್ಮೂರ ದಲಿತರನ್ನೇ ಕೇಳಿ. ಜಾತ್ರೆಯ ಜನರ ಮುಂದೆ ನಿಲ್ಲುವುದು ಅವರಿಗೆ ಇಷ್ಟವಿಲ್ಲದಿರಬಹುದು. ಕ್ಷಮೆಯನ್ನು ಕಮಿಟಿಯ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಅದೇ ಸಭೆಯಲ್ಲಿ ಅವರಿಗೂ ಕಮಿಟಿಯಲ್ಲಿ ಜಾಗ ಕೊಡಿ. ಠರಾವು ಬರೆದು ಕಳಿಸಿದರೆ ನಾನು ನೋಡಿಕೊಡುತ್ತೇನೆ.